ವಾಪಸ್ಸಕ್ಕನ ತೋಳಿನ ಕತ್ತೆ

ವಾಪಸ್ಸಕ್ಕನನ್ನು ಸರಕು ಎಂದು ಕೈಗೆತ್ತಿಕೊಂಡು ನೋಡಿದರೆ ಗಟ್ಟಿ ಮಾಲು. ವಯಸ್ಸು ನಲವತ್ತೈದರ ಆಸುಪಾಸು. ಬಣ್ಣ ಮಾಸಿಲ್ಲ, ಹೊಲಿಗೆ ಬಿಟ್ಟಿಲ್ಲ, ಮೂಲೆಗಳು ಮಾತ್ರ ತುಸು ಚೂಪು, ಜೋಪಾನವಾಗಿ ಹಿಡಿಯಬೇಕು. ನಾಲಿಗೆ ಎಷ್ಟು ಬಳಸಿದರೂ ಸವೆಯದ ಜಾತಿಯದು. ಕಣ್ಣಿಗೆ ಬೆಲೆ ಕಟ್ಟುವುದು ಕಷ್ಟ. ಅಂಥ ಕಣ್ಣು ನನಗಿದ್ದಿದ್ದರೆ ಇಷ್ಟು ಹೊತ್ತಿಗೆ ಇನ್ನೂ ನಾಲ್ಕು ಗೋದಾಮು ಕಟ್ಟಿಸಿರುತ್ತಿದ್ದೆ. ದೋಷ ಒಂದೇ, ಮೊಣಕಾಲು.

ಮೊಣಕಾಲು ಸವೆದದ್ದು ನಿಂತು ನಿಂತು. ಮೂರು ಮಹಡಿಯ ಮನೆಸಾಮಾನಿನ ಅಂಗಡಿಯಲ್ಲಿ, ಮೆಟ್ಟಿಲ ಕೆಳಗಿನ ಇಳಿಜಾರು ಮೂಲೆಯಲ್ಲಿ, ಉದ್ದನೆಯ ಹಲಗೆಯೊಂದರ ಹಿಂದೆ ಆಕೆ ಬೆಳಗಿನಿಂದ ಸಂಜೆಯವರೆಗೆ ನಿಲ್ಲುತ್ತಾಳೆ. ಮೇಲಿನ ಮಹಡಿಗಳಲ್ಲಿ ಮಾರುವವರು ಹತ್ತಾರು ಮಂದಿ. ಮಾರಿದ್ದನ್ನು ಮರಳಿ ತೆಗೆದುಕೊಳ್ಳುವವಳು ಇವಳೊಬ್ಬಳೇ. ಅದಕ್ಕೇ ಅಂಗಡಿಯವರ ಬಾಯಲ್ಲಿ ಆಕೆ ವಾಪಸ್ಸಕ್ಕ. ಗಿರಾಕಿಗಳ ಬಾಯಲ್ಲಿ ಬೇರೆ ಹೆಸರುಗಳೂ ಇವೆ, ಅವನ್ನು ಇಲ್ಲಿ ಬರೆಯುವಂತಿಲ್ಲ.

ಆ ಹಲಗೆಗೆ ಒಂದು ಇಸ್ತ್ರಿಪೆಟ್ಟಿಗೆ ಬಂತೆನ್ನಿ. ತಂದ ಹೆಂಗಸು ಮುಖವನ್ನು ಆಗಷ್ಟೇ ಒಗೆದು ಒಣಗಿಸಿದಂತೆ ಇಟ್ಟುಕೊಂಡಿರುತ್ತಾಳೆ.

"ತೆರೆದೇ ಇಲ್ಲ ಮೇಡಂ. ಹೇಗಿತ್ತೋ ಹಾಗೇ ಇದೆ."

ವಾಪಸ್ಸಕ್ಕ ಪೆಟ್ಟಿಗೆಯನ್ನು ಮಗುಚಿ, ಅದರ ತಳವನ್ನು ಉಗುರಿನಿಂದ ಕೆರೆದು, ಉಗುರನ್ನು ಮೂಗಿನ ಹತ್ತಿರ ಹಿಡಿಯುತ್ತಾಳೆ.

"ತೆರೆಯದೇ ಇದ್ದದ್ದು ಯಾರ ಪ್ಯಾಂಟು ಸುಟ್ಟಿತು?"

"ಅದು... ಒಂದೇ ಒಂದು ಸಲ."

"ಹೋಗ್ಲಿ. ತಗೊಳ್ಳೋವಾಗ ಜೊತೆಗೆ ಯಾರಿದ್ರು?"

"ನಾದಿನಿ."

"ಈಗ ಬೇಡ ಅಂದಿದ್ದು?"

ಹೆಂಗಸು ಬಾಯಿ ತೆರೆದು, ಮುಚ್ಚಿ, ಕೊನೆಗೆ, "ಅವಳೇ" ಅನ್ನುತ್ತಾಳೆ.

ಇಷ್ಟು ವರ್ಷಗಳಲ್ಲಿ ವಾಪಸ್ಸಕ್ಕ ಕಂಡುಕೊಂಡದ್ದು ಇದನ್ನೇ. ಒಬ್ಬರೇ ಬಂದು ಕೊಂಡವರು ಮರಳಿ ಬರುವುದು ಕಡಿಮೆ. ಅಕ್ಕ, ಅತ್ತೆ, ಓರಗಿತ್ತಿ ಎಂದು ದಂಡು ಕಟ್ಟಿಕೊಂಡು ಬಂದವರ ಸರಕು ಮಾತ್ರ ಗಾಡಿಯಿಂದ ಇಳಿಯುವ ಮೊದಲೇ ವಾಪಸ್ಸು ಹೊರಟಿರುತ್ತದೆ. ಜನ ತಮ್ಮ ಪಶ್ಚಾತ್ತಾಪ ಎಂದು ಹೊತ್ತು ತರುವುದು ಬಹುಪಾಲು ಬೇರೆಯವರದ್ದು. ಯಜಮಾನರಿಗೆ ಹಿಡಿಸಲಿಲ್ಲ, ಅತ್ತೆ ಬಣ್ಣ ಸರಿಯಿಲ್ಲ ಅಂದರು, ಪಕ್ಕದ ಮನೆಯವರು ನಕ್ಕರು. ಇಂಥವರ ಸಾಮಾನನ್ನು ಆಕೆ ಒಂದೂ ಪ್ರಶ್ನೆ ಕೇಳದೆ ಎಳೆದುಕೊಂಡು, ಹಿಂದಿನ ರಾಶಿಗೆ ದೂಡುತ್ತಾಳೆ. ದೂಡುವ ರೀತಿಯಲ್ಲಿಯೇ ತಿರಸ್ಕಾರ ಇರುತ್ತದೆ. ಅದಕ್ಕೆ ಅಂಗಡಿಯವರು ರಸೀದಿ ಕೊಡುವುದಿಲ್ಲ, ಅಷ್ಟೇ.

ಇಷ್ಟೆಲ್ಲ ಬಲ್ಲವಳ ಮನೆ ಹೇಗಿರಬೇಕು? ಹೋದವರು ಗೋದಾಮಿಗೆ ಬಂದೆವೇನೋ ಎಂದು ಒಂದು ಕ್ಷಣ ಹೊಸ್ತಿಲಲ್ಲೇ ನಿಲ್ಲುತ್ತಾರೆ. ಸೋಫಾದ ಪ್ಲಾಸ್ಟಿಕ್ಕು ಬಿಚ್ಚಿಲ್ಲ. ಕೂತವರು ಎದ್ದರೆ ಚರ್ಮ ಸುಲಿದ ಸದ್ದು. ಮಿಕ್ಸಿ ಕೆಲಸ ಮುಗಿಸಿ ಥರ್ಮಾಕೋಲಿನ ಗೂಡಿಗೆ ಮರಳುತ್ತದೆ. ಗೋಡೆಯ ಗಡಿಯಾರದ ಗಾಜಿನ ಮೇಲೆ ನೀಲಿ ಪೊರೆ ಹಾಗೇ ಇದೆ, ಸಮಯ ನೋಡಬೇಕೆಂದರೆ ಪಕ್ಕಕ್ಕೆ ಸರಿದು ನೋಡಬೇಕು. ಹೊಸ ಅಂಗಿ ಹಾಕಿಕೊಂಡರೆ ಬೆಲೆಚೀಟಿಯನ್ನು ಕತ್ತರಿಸದೆ ಒಳಗೆ ಮಡಚಿಕೊಳ್ಳುತ್ತಾಳೆ; ದಿನವಿಡೀ ಬೆನ್ನು ತುರಿಸಿದರೂ ಸರಿ. ಯಾವುದನ್ನೂ ಆಕೆ ನಿಜವಾಗಿ ವಾಪಸ್ಸು ಮಾಡಿದ್ದಿಲ್ಲ. ಮಾಡಬಹುದು ಅನ್ನುವ ಧೈರ್ಯವೊಂದು ಇರಬೇಕು, ಅಷ್ಟೇ.

ಆಕೆಯ ಗಂಡ ಲಿಫ್ಟ್ ರಿಪೇರಿಯವನು. ನಡುವೆ ಸಿಕ್ಕಿಹಾಕಿಕೊಂಡವರನ್ನು ಹೊರಗೆಳೆಯುವುದು ಅವನ ಕಸುಬಾದ್ದರಿಂದ ಸಹನೆಗೆ ಕೊರತೆಯಿಲ್ಲ. ಆದರೂ ಒಂದು ರಜೆಯ ಮಧ್ಯಾಹ್ನ, ಹಾಸಿಗೆಯ ಪ್ಲಾಸ್ಟಿಕ್ಕು ಬೆನ್ನಿಗೆ ಅಂಟಿ ನಿದ್ದೆ ಕೆಟ್ಟಾಗ, ಅವನ ಬಾಯಿ ಜಾರಿತು.

"ಅಲ್ಲ ಕಣೇ, ಈ ಮನೇಲಿ ನಿಂದು ಅನ್ನೋದು ಏನಾದ್ರೂ ಇದೆಯಾ?"

"ಎಲ್ಲಾ ನಂದೇ. ನನ್ನ ಸಂಬಳದ್ದೇ."

"ಕೊಂಡಿದ್ದು ಕೇಳ್ಲಿಲ್ಲ. ನಿಂದು ಅನ್ನೋದು. ನಾಳೆ ಅಂಗಡಿಯವರು ಬಂದು ಕೇಳಿದ್ರೆ ಕೊಡಲ್ಲ ಅನ್ನೋ ಅಂಥದ್ದು. ನನ್ನನ್ನೂ ನೀನು ಹಾಗೇ ಇಟ್ಟಿದ್ದೀಯ ಅನ್ಸುತ್ತೆ, ಗೀರು ಬೀಳದ ಹಾಗೆ."

ಹೇಳಿದವನು ಮಗ್ಗುಲು ಬದಲಿಸಿ ಮಲಗಿಬಿಟ್ಟ. ಕೇಳಿದವಳಿಗೆ ನಿದ್ದೆ ಹಾರಿತು. ಎದ್ದು ಮನೆಯಿಡೀ ಕಣ್ಣಾಡಿಸಿದಳು. ಪೆಟ್ಟಿಗೆ, ಪೊರೆ, ಚೀಟಿ. ಬಿಚ್ಚಿದ್ದು ಒಂದೂ ಇಲ್ಲ. ಗಂಡಸರು ನಿದ್ದೆಗಣ್ಣಲ್ಲಿ ಆಡಿದ ಮಾತಿಗೆ ಹೆಂಗಸರು ವರ್ಷಗಟ್ಟಲೆ ಬಡ್ಡಿ ಕಟ್ಟುವುದು ಹೊಸದಲ್ಲ. ವಾಪಸ್ಸಕ್ಕ ಮಾತ್ರ ಆ ಲೆಕ್ಕವನ್ನು ಒಂದೇ ಸಲಕ್ಕೆ ತೀರಿಸಲು ಹೊರಟಳು. ಮರಳಿ ಕೊಡಲು ಬಾರದ ವಸ್ತುವೊಂದನ್ನು ಕೊಳ್ಳಬೇಕು. ಯೋಚಿಸಿ ಯೋಚಿಸಿ ಉಳಿದದ್ದು ಒಂದೇ: ಹಚ್ಚೆ.

ಬೇರೆಯವರಾಗಿದ್ದರೆ ಅಂದವಾದ ಚಿತ್ರ ಹುಡುಕುತ್ತಿದ್ದರು. ಆಕೆ ಹುಡುಕಿದ್ದು ವಾಪಸ್ಸು ಬಾರದ ಚಿತ್ರವನ್ನು. ಹಲಗೆಯ ಹಿಂದೆ ನಿಂತು ಕಂಡದ್ದನ್ನೆಲ್ಲ ಮನಸ್ಸಿನಲ್ಲಿ ಜಾಲಾಡಿದಳು. ಹೂವಿನ ಸಾಮಾನು ಎಲ್ಲಕ್ಕಿಂತ ಹೆಚ್ಚು ಮರಳುತ್ತದೆ, ಹಾಗಾಗಿ ಹೂವು ಬೇಡ. ಹೃದಯದ ಚಿತ್ರವಿದ್ದದ್ದನ್ನು ಇಬ್ಬರು ಸೇರಿ ಕೊಂಡು ಒಬ್ಬರೇ ತಂದು ಕೊಡುತ್ತಾರೆ, ಅದೂ ಬೇಡ. ನಗುತ್ತಾ ಬಾಳು, ಧೈರ್ಯವಾಗಿರು ಎಂದು ಬರೆದ ಲೋಟಗಳಂತೂ ಒಂದೇ ವಾರದಲ್ಲಿ ಹಾಜರು, ದಿನಾ ಬೆಳಿಗ್ಗೆ ಲೋಟದಿಂದ ಬುದ್ಧಿ ಹೇಳಿಸಿಕೊಳ್ಳಲು ಯಾರಿಗೆ ಆಗುತ್ತದೆ? ಚಿಟ್ಟೆ, ಹದ್ದು, ಹುಲಿಮುಖ, ಎಲ್ಲಕ್ಕೂ ಆಕೆಯ ಬಳಿ ಮರಳಿ ತಂದವರ ಮುಖಗಳಿದ್ದವು.

ಇಡೀ ಅಂಗಡಿಯಲ್ಲಿ ಒಮ್ಮೆಯೂ ವಾಪಸ್ಸು ಬಾರದ ಮಾಲು ಒಂದೇ ಒಂದಿತ್ತು. ಬಾಗಿಲು ಬಡಿಯದ ಹಾಗೆ ಅಡ್ಡ ಇಡುವ ಎರಕದ ಕತ್ತೆ. ಗಿಡ್ಡ ಕಾಲು, ದೊಡ್ಡ ತಲೆ, ಒಂದು ಕಿವಿ ಮೇಲಕ್ಕೆ, ಒಂದು ಪಕ್ಕಕ್ಕೆ. ಯಾರೋ ಕರೆದ ಹಾಗಾಯಿತೆಂದು ಹಿಂತಿರುಗಿ ನೋಡುತ್ತಾ, ಆದರೆ ಹೋಗುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದಂಥ ಮುಖ. ವಿಕಾರ ಅಂದರೆ ವಿಕಾರ. ಅದನ್ನು ಮೆಚ್ಚಿ ಯಾರೂ ಕೊಳ್ಳುತ್ತಿರಲಿಲ್ಲ. ಗೊತ್ತಿದ್ದೇ ಕೊಳ್ಳುತ್ತಿದ್ದರು. ಚೆಲುವನ್ನು ನಂಬಿ ಕೊಂಡವರಿಗೆ ಮೋಸವಾಗಬಹುದು, ಕತ್ತೆಯನ್ನು ಕತ್ತೆಯೆಂದೇ ಕೊಂಡವರಿಗೆ ಏನಾಗಬೇಕು?

ಹಚ್ಚೆಯಂಗಡಿ ಒಂದು ಚಪ್ಪಲಿ ಅಂಗಡಿಯ ಮೇಲಿತ್ತು. ಕಡಿದಾದ ಮೆಟ್ಟಿಲು, ಔಷಧಿಯ ವಾಸನೆ, ಹಲ್ಲಿನ ಡಾಕ್ಟರರ ಬಳಿ ಇರುವಂಥ ಕುರ್ಚಿ. ಹಚ್ಚೆಯವನ ಮೈಮೇಲೆ ಖಾಲಿ ಜಾಗ ಅಂತ ಉಳಿದಿದ್ದರೆ ಅದು ರೆಪ್ಪೆ ಮಾತ್ರ. ವಾಪಸ್ಸಕ್ಕ ಚೀಲದಿಂದ ಕತ್ತೆಯನ್ನು ತೆಗೆದು ಅವನ ಮೇಜಿನ ಮೇಲೆ ಧಪ್ಪನೆ ಇಟ್ಟಳು.

"ಇದನ್ನ ಹಾಕ್ಬೇಕು. ಎಡಗೈ ಮೇಲೆ."

ಅವನು ಕತ್ತೆಯನ್ನು ನೋಡಿದ, ಆಕೆಯನ್ನು ನೋಡಿದ, ಮತ್ತೆ ಕತ್ತೆಯನ್ನು ನೋಡಿದ.

"ಮೇಡಂ, ಕುದುರೆ ಮಾಡಿಕೊಡ್ಲಾ? ಓಡ್ತಿರೋ ಕುದುರೆ ತುಂಬಾ ಜನ ಹಾಕಿಸ್ತಾರೆ."

"ಅದಕ್ಕೇ ಬೇಡ. ಅದಿರ್ಲಿ, ನಿಮ್ಮ ಕತ್ತಿನ ಮೇಲೆ ಅಷ್ಟು ದೊಡ್ಡ ಎಲೆ ಇದೆಯಲ್ಲ, ಹಳೇ ಹೆಸರು ಮುಚ್ಚಿದ ಹಾಗಿದೆ, ಅದರ ಕೆಳಗೆ ಯಾರಿದ್ದಾರೆ?"

ಹಚ್ಚೆಯವನ ಕೈ ತಾನಾಗಿ ಕತ್ತಿಗೆ ಹೋಯಿತು. "ಇದ್ರು" ಅಂದ.

"ಹಾಕಿಸೋವಾಗ ಜೊತೆಗಿದ್ರಾ?"

"ಪಕ್ಕದಲ್ಲೇ ಕೂತಿದ್ರು."

"ನೋಡಿದ್ರಾ ಮತ್ತೆ" ಅಂದಳು ವಾಪಸ್ಸಕ್ಕ. ಅವನಿಗೆ ಏನೂ ಅರ್ಥವಾಗಲಿಲ್ಲ, ಆದರೆ ಈ ಹೆಂಗಸಿನ ಮುಂದೆ ಸುಳ್ಳು ಹೇಳಬಾರದು ಎಂಬುದು ಮಾತ್ರ ತಿಳಿಯಿತು.

ಅವನದ್ದೂ ಒಂದು ಪದ್ಧತಿಯಿತ್ತು. ಹಾಕಿಸಿಕೊಂಡ ಮರುದಿನವೇ ಅಳುತ್ತಾ ಬರುವವರನ್ನು ಸಮಾಧಾನ ಮಾಡಿ ಮಾಡಿ ಸಾಕಾಗಿ, ಹೊಸಬರಿಗೆ ಮೊದಲು ಒಂದು ಡಜನ್ ಸ್ಟಿಕ್ಕರು ಮಾಡಿಕೊಡುತ್ತಿದ್ದ. ಅದೇ ಚಿತ್ರ, ಅದೇ ಅಳತೆ, ಒದ್ದೆ ಮಾಡಿ ಅಂಟಿಸಿದರೆ ಥೇಟು ಹಚ್ಚೆಯೇ. ಮೂರ್ನಾಲ್ಕು ದಿನ ಇರುತ್ತದೆ, ಸೋಪು ಹಾಕಿ ಉಜ್ಜಿದರೆ ಹೋಗುತ್ತದೆ.

"ಮಾಸಿದ್ರೆ ಇನ್ನೊಂದು ಅಂಟಿಸ್ಕೊಳ್ಳಿ. ಒಂದು ತಿಂಗಳು ಹಾಕ್ಕೊಂಡು ಎಲ್ಲಾ ಕಡೆ ತಿರುಗಾಡಿ. ಆಮೇಲೂ ಬೇಕು ಅನ್ಸಿದ್ರೆ ಬನ್ನಿ, ಸೂಜಿ ಹಿಡೀತೀನಿ."

ವಾಪಸ್ಸಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮರಳಿ ಕೊಡಲಾಗದ್ದನ್ನು ಕೊಳ್ಳಲು ಹೋಗಿ, ಮರಳಿ ಕೊಡಬಹುದಾದ್ದನ್ನೇ ಹಿಡಿದುಕೊಂಡು ಬಂದಳು. ಅಷ್ಟೇ ಅಲ್ಲ, ಸ್ನಾನಕ್ಕೆ ಹೋಗುವ ಮುಂಚೆ ಕತ್ತೆಯ ಮೇಲೆ ತೆಳು ಪ್ಲಾಸ್ಟಿಕ್ಕು ಸುತ್ತಿಕೊಂಡಳು. ಅದು ಸ್ಟಿಕ್ಕರು ಎಂದು ಮನೆಯಲ್ಲೂ ಅಂಗಡಿಯಲ್ಲೂ ಯಾರಿಗೂ ಹೇಳಲಿಲ್ಲ. ಹೇಳಿದರೆ ಪರೀಕ್ಷೆ ಕೆಡುತ್ತದೆ.

ಮೊದಲು ಕಂಡವನು ಗಂಡ. ಕಾಫಿ ಲೋಟ ಇಸಿದುಕೊಳ್ಳುವಾಗ ಅವನ ಕಣ್ಣು ತೋಳಿನ ಮೇಲೆ ನಿಂತಿತು.

"ಇದು ನಾನಾ?"

"ಯಾಕೆ, ನಿಮಗೆ ಹಾಗನ್ಸುತ್ತಾ?"

"ಅನ್ಸಲ್ಲ. ಕೇಳ್ದೆ. ಆವತ್ತು ಹಾಸಿಗೆ ಮೇಲೆ ಏನೋ ಅಂದಿದ್ದಕ್ಕೆ..."

"ನೀವಲ್ಲ."

"ಕಿವಿ ಮಾತ್ರ ನಂದೇ ಅನ್ಸುತ್ತೆ" ಅಂದು ಅವನು ಕನ್ನಡಿಯತ್ತ ಹೋದ.

ಅತ್ತೆಗೆ ಕಣ್ಣು ಮಂಜು. ಆದರೂ ಸೊಸೆಯ ಮೈಮೇಲೆ ಹೊಸದೇನಾದರೂ ಬಂದರೆ ಆ ಮಂಜು ತನ್ನಷ್ಟಕ್ಕೆ ಸರಿಯುತ್ತಿತ್ತು. ಹತ್ತಿರ ಕರೆದು, ತೋಳನ್ನು ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು.

"ಏನಮ್ಮಾ ಇದು, ಕತ್ತೆ?"

"ಹೌದು ಅತ್ತೆ."

"ಹಿಂದಕ್ಕೆ ತಿರುಗಿ ನೋಡ್ತಿದೆ."

"ಹೌದು."

"ನಾನು ಹಿಂದುಗಡೆ ಕೋಣೇಲಿ ಮಲಗೋದು. ನಂಗೆ ತಿಳಿಯಲ್ಲ ಅಂದ್ಕೋಬೇಡ."

ಅಂದು ಇಡೀ ಸಂಜೆ ಮುದುಕಿ ಊಟ ಬೇಡವೆಂದು ಕೂತಿದ್ದರು. ಆಮೇಲೆ ಯಾರೂ ಎರಡನೇ ಸಲ ಕರೆಯಲಿಲ್ಲವೆಂದು ತಾವೇ ಬಂದು ಬಡಿಸಿಕೊಂಡರು. ಹಾಗೆ ನೋಡಿದರೆ ಆ ಪುಟ್ಟ ಪ್ರಾಣಿಯ ಮೇಲೆ ಎಲ್ಲರಿಗೂ ಹಕ್ಕಿತ್ತು. ಮೇಲಿನ ಮಹಡಿಯ ಪಾತ್ರೆ ವಿಭಾಗದವಳು ಅದು ತಾನೇ ಎಂದು ಮಾತು ಬಿಟ್ಟಳು. ಕಾವಲುಗಾರ, "ನಮ್ಮಂಥವರ ಕತ್ತೆ ಚಾಕರೀನ ಮೈಮೇಲೆ ಬರೆಸ್ಕೊಂಡಿದ್ದೀರಲ್ಲಕ್ಕ" ಎಂದು ಕಣ್ಣು ಒರೆಸಿಕೊಂಡ. ಹೂವು ಹಾಕಿಸಿದ್ದರೆ ಇಷ್ಟು ಜನ ತಮ್ಮನ್ನು ಅದರಲ್ಲಿ ಕಂಡುಕೊಳ್ಳುತ್ತಿದ್ದರೇ? ವಾಪಸ್ಸಕ್ಕ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: ಅರ್ಥ ಏನೂ ಇಲ್ಲ, ಮುಖ ಇಷ್ಟವಾಯಿತು. ಅದನ್ನು ಮಾತ್ರ ಯಾರೂ ನಂಬಲಿಲ್ಲ.

ತಿಂಗಳು ಮುಗಿಯುತ್ತ ಬಂದಾಗ ಮ್ಯಾನೇಜರು ಕರೆಸಿದರು. ಎರಡನೇ ಮಹಡಿಯ ಮೇಲ್ವಿಚಾರಕಿಯ ಕುರ್ಚಿ ಖಾಲಿಯಾಗಿತ್ತು. ಗಾಜಿನ ಕೋಣೆ, ತಲೆಯ ಮೇಲೆ ಫ್ಯಾನು, ಎಲ್ಲಕ್ಕಿಂತ ಹೆಚ್ಚಾಗಿ ಕುರ್ಚಿ. ದಿನವಿಡೀ ಕೂತು ಮಾಡುವ ಕೆಲಸ. ಸವೆದ ಮೊಣಕಾಲಿನವಳಿಗೆ ಅದಕ್ಕಿಂತ ದೊಡ್ಡ ಪದವಿ ಭೂಮಿಯ ಮೇಲೆ ಇರಲಿಲ್ಲ. ಮುಂದಿನ ಸಲ ನಿಮಗೇ ಎಂದು ಅವರು ಎರಡು ಸಲ ಮಾತು ಕೊಟ್ಟಿದ್ದರು.

"ಕುರ್ಚಿ ನಿಮ್ಮದೇ" ಅಂದರು ಮ್ಯಾನೇಜರು. "ಒಂದೇ ಒಂದು ವಿಷಯ. ಅದು."

ಅವರ ಪೆನ್ನು ಆಕೆಯ ತೋಳನ್ನು ತೋರಿಸುತ್ತಿತ್ತು.

"ಕತ್ತೆ ಸಾರ್."

"ಕಾಣುತ್ತೆ. ಯಾರ ಬಗ್ಗೆ?"

"ಯಾರ ಬಗ್ಗೆನೂ ಅಲ್ಲ ಸಾರ್."

"ಹಾಗಂದ್ರೆ ನನ್ನ ಬಗ್ಗೆ." ಅವರು ಪೆನ್ನಿನ ಮುಚ್ಚಳ ಹಾಕಿದರು. "ನೋಡಿ, ಕೆಳಗೆ ಮೆಟ್ಟಿಲ ಸಂದೀಲಿ ನೀವು ಆನೆ ಹಾಕಿಸ್ಕೊಂಡ್ರೂ ನಾನು ಕೇಳಲ್ಲ. ಮೇಲೆ ದೊಡ್ಡ ಗಿರಾಕಿಗಳು ಬರ್ತಾರೆ. ಲೇಸರ್ ಅಂತೇನೋ ಇದೆಯಂತೆ, ತೆಗೆಸ್ಬಿಡಿ. ತೆಗೆಸಿದ ದಿನ ಮೇಲೆ ಬಂದು ಕೂತ್ಕೊಳ್ಳಿ. ನಾಳೆ ಬೆಳಿಗ್ಗೆ ಒಳಗೆ ತೆಗೆಸ್ತೀರೋ ಇಲ್ವೋ ಹೇಳಿ, ಇಲ್ಲಾಂದ್ರೆ ಪಾತ್ರೆ ವಿಭಾಗದವಳಿಗೆ ಕೊಡ್ತೀನಿ."

ಸ್ಟಿಕ್ಕರು ಸಾರ್, ಒಂದು ಒದ್ದೆ ಬಟ್ಟೆ ಕೊಡಿ, ನಿಮ್ಮೆದುರೇ ಒರೆಸ್ತೀನಿ. ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಷ್ಟು ಹೇಳಿದ್ದರೆ ಆ ನಿಮಿಷವೇ ಕುರ್ಚಿ. ಆದರೆ ತನ್ನದನ್ನು ಯೋಚಿಸದೆ ಮರಳಿ ಒಪ್ಪಿಸಿದ ಅಭ್ಯಾಸ ಆಕೆಗಿಲ್ಲ. "ಯೋಚಿಸಿ ಹೇಳ್ತೀನಿ ಸಾರ್" ಎಂದು ಮೆಟ್ಟಿಲಿಳಿದಳು. ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಮೊಣಕಾಲು, ಹೇಳೇ, ಹೇಳಿಬಿಡೇ ಎಂದು ಕಟಕಟ ಅನ್ನುತ್ತಿತ್ತು.

ಕೆಳಗೆ ಒಬ್ಬರು ಗಿರಾಕಿ ಕಾಯುತ್ತಿದ್ದರು. ಪೇಟೆಯ ಶಾಲೆಯ ಲೆಕ್ಕದ ಮೇಷ್ಟ್ರು. ಕೈಯಲ್ಲಿ ಹಸಿರು ಗಾಜಿನ ಮೇಜಿನ ದೀಪ. ಅದನ್ನು ಹಲಗೆಯ ಮೇಲಿಟ್ಟವರು ಕೈ ಹಿಂದಕ್ಕೆ ತೆಗೆಯಲಿಲ್ಲ.

"ಏನು ತೊಂದರೆ?"

"ತೊಂದರೆ ಏನಿಲ್ಲ. ಚೆನ್ನಾಗೇ ಇದೆ. ಮನೇಲಿ ಯಾರಿಗೂ ಇಷ್ಟ ಆಗ್ಲಿಲ್ಲ."

ಬೇರೆ ದಿನವಾಗಿದ್ದರೆ ದೀಪ ಆಗಲೇ ಹಿಂದಿನ ರಾಶಿ ಸೇರಿರುತ್ತಿತ್ತು. ಇವತ್ತು ಆಕೆ ಕೇಳಿದಳು: "ನಿಮಗೆ?"

"ನಂಗಾ? ನಂಗೆ ಇಷ್ಟಾನೇ. ಮಕ್ಕಳ ಪರೀಕ್ಷೆ ಪೇಪರು ತಿದ್ದೋಕೆ ಅಂತ ತಗೊಂಡಿದ್ದೆ. ಪೇಪರು ಮುಗಿದ ಮೇಲೂ ಆ ಬೆಳಕಲ್ಲಿ ಸುಮ್ನೆ ಕೂತಿರ್ತಿದ್ದೆ." ಮೇಷ್ಟ್ರು ನಕ್ಕರು, ನಾಚಿಕೆಗೆಟ್ಟ ಮಾತಾಡಿದವರಂತೆ. "ಆದ್ರೆ ಮನೇಲಿ ಎಲ್ಲರಿಗೂ ಬೇಡ ಅನ್ನೋವಾಗ..."

"ವಾಪಸ್ ತಗೊಂಡು ಹೋಗಿ ಮೇಷ್ಟ್ರೇ."

"ಹಾಗೆಲ್ಲ ಆಗಲ್ಲಮ್ಮ. ನೀವು ತಗೊಳ್ಳಲೇಬೇಕಲ್ಲ, ನಿಯಮ ಇದೆಯಲ್ಲ."

ನಿಯಮ ಇತ್ತು. ಆಕೆ ತೆಗೆದುಕೊಂಡಳು. ಮೇಷ್ಟ್ರು ಹೊರಡುವ ಮುಂಚೆ ದೀಪದ ಗಾಜಿನ ಮೇಲಿನ ಧೂಳನ್ನು ಅಂಗಿಯ ಚುಂಗಿನಿಂದ ಒರೆಸಿ ಹೋದರು. ಇನ್ನೊಬ್ಬರ ಮನೆಗೆ ಹೋಗುವ ದೀಪಕ್ಕೆ ಯಾಕಷ್ಟು ಉಪಚಾರ?

ಸಂಜೆ ಅಂಗಡಿಯವರು ಕೈಕಾಲು ತೊಳೆಯುವ ಕೋಣೆಯಲ್ಲಿ ವಾಪಸ್ಸಕ್ಕ ನಲ್ಲಿ ತಿರುಗಿಸಿದಳು. ಸೋಪು ಹಿಡಿದಳು. ಕುರ್ಚಿ ಅಂದರೆ ಕುರ್ಚಿ, ಯಾವ ದೊಡ್ಡ ವಿಷಯ, ಒಂದು ಸ್ಟಿಕ್ಕರು ತಾನೆ? ಹೇಗೂ ಗಂಡನಿಗೆ ಏನೋ ಒಂದು ಹೇಳಬೇಕಾಗುತ್ತದೆ. ಸೋಪಿನ ಕೈಯನ್ನು ತೋಳಿನ ಹತ್ತಿರ ತಂದು, ಎದುರಿನ ಕನ್ನಡಿಗೆ ಆ ಮಾತನ್ನು ಹೇಳಿನೋಡಿದಳು.

"ಚೆನ್ನಾಗೇ ಇತ್ತು. ಮ್ಯಾನೇಜರಿಗೆ ಇಷ್ಟ ಆಗ್ಲಿಲ್ಲ."

ಆ ದನಿ ಆಕೆಗೆ ಚೆನ್ನಾಗಿ ಪರಿಚಯವಿತ್ತು. ದಿನಾ ಹಲಗೆಯ ಆಚೆಯಿಂದ ಕೇಳುತ್ತಿದ್ದದ್ದು, ಇವತ್ತು ಈಚೆಯಿಂದ ಬಂತು. ಕನ್ನಡಿಯೊಳಗಿನ ಹೆಂಗಸಿನ ಮುಖವೂ ಆಗಷ್ಟೇ ಒಗೆದು ಒಣಗಿಸಿದಂತೆ ಇತ್ತು. ಇಂಥವಳು ಹಲಗೆಗೆ ಬಂದಿದ್ದರೆ ತಾನು ಸಾಮಾನನ್ನು ಹೇಗೆ ದೂಡುತ್ತಿದ್ದೆ ಎಂಬುದು ಕೂಡ ಆಕೆಗೆ ಗೊತ್ತಿತ್ತು. ಸೋಪನ್ನು ಇಟ್ಟು, ಕೈಯನ್ನು ಮಾತ್ರ ತೊಳೆದು, ಚಪ್ಪಲಿ ಅಂಗಡಿಯ ಬೀದಿಗೆ ನಡೆದಳು.

ಹಚ್ಚೆಯವನು ಅಂಗಡಿ ಮುಚ್ಚುವುದರಲ್ಲಿದ್ದ.

"ಇನ್ನೂ ನಾಲ್ಕು ಸ್ಟಿಕ್ಕರು ಉಳಿದಿರ್ಬೇಕಲ್ಲ ಮೇಡಂ?"

"ಉಳಿದಿವೆ. ಸೂಜಿ ತೆಗೀರಿ."

"ಎಲ್ಲರಿಗೂ ಇಷ್ಟ ಆಯ್ತಾ?"

"ಒಬ್ಬರಿಗೂ ಆಗ್ಲಿಲ್ಲ."

"ಮತ್ತೆ?"

"ಅದನ್ನೇ ನೋಡೋಕೆ ತಾನೇ ತಿರುಗಾಡಿಸಿದ್ದು ನೀವು? ನೋಡಾಯ್ತು. ಹಾಕಿ."

ಸೂಜಿ ತೋಳಿಗೆ ಇಳಿದಾಗ ಆಕೆ ತುಟಿ ಕಚ್ಚಿದಳು, ಕೂಗಲಿಲ್ಲ. ಹಿಂದಿನ ಕಾಲುಗಳು ಮುಗಿಯುವಾಗ, ನಿಲ್ಲಿಸಿ ಸಾಕು, ಅರ್ಧ ಕತ್ತೆಯೇ ಇರಲಿ ಅನ್ನಿಸಿತಂತೆ. ಕಿವಿಯ ಹೊತ್ತಿಗೆ ಮೊಣಕಾಲಿನ ನೋವು ಮರೆತೇ ಹೋಗಿತ್ತಂತೆ. ಎಲ್ಲ ಮುಗಿದ ಮೇಲೆ ಎದ್ದು ನಿಂತು ಕೈಚಾಚಿದಳು.

"ಬಿಲ್ಲು ಕೊಡಿ."

"ಇದಕ್ಕೆ ಬಿಲ್ಲಾ? ಯಾಕೆ ಮೇಡಂ?"

"ಅಭ್ಯಾಸ."

ಮರುದಿನ ಬೆಳಿಗ್ಗೆ ಮ್ಯಾನೇಜರಿಗೆ ತೆಗೆಸುವುದಿಲ್ಲ ಎಂದು ಹೇಳಿದಳು. ಪಾತ್ರೆ ವಿಭಾಗದವಳು ಮೇಲಿನ ಕುರ್ಚಿಯಲ್ಲಿ ಕೂತಳು, ಕೂತ ಮೇಲೆ ಬಿಟ್ಟಿದ್ದ ಮಾತನ್ನೂ ಶುರು ಮಾಡಿದಳು. ತೋಳಿನ ಮಟ್ಟಿಗೆ ಹೇಳಬೇಕೆಂದರೆ ಜಗತ್ತು ಏನನ್ನೂ ಗಮನಿಸಲಿಲ್ಲ. ಎಲ್ಲರ ಲೆಕ್ಕದಲ್ಲಿ ಕತ್ತೆ ಒಂದು ತಿಂಗಳಿನಿಂದ ಅಲ್ಲೇ ಇತ್ತು. ಆಕೆ ಜೀವನದಲ್ಲಿ ಮಾಡಿದ ಅತಿ ದೊಡ್ಡ ತೀರ್ಮಾನಕ್ಕೆ ಒಬ್ಬ ಸಾಕ್ಷಿಯೂ ಸಿಗಲಿಲ್ಲ. ತೋಳು ಸ್ವಲ್ಪ ಊದಿದ್ದನ್ನು ಕಂಡ ಗಂಡ, "ಕತ್ತೆ ದಪ್ಪ ಆಗಿದೆಯಲ್ಲೇ, ಸರಿಯಾಗಿ ಮೇಯಿಸ್ತಿದ್ದೀಯ" ಅಂದ. ಅತ್ತೆ ಅದಾಗಲೇ ಅದಕ್ಕೆ ಒಗ್ಗಿಹೋಗಿದ್ದರು. ಸೊಸೆಯ ಮೇಲೆ ಸಿಟ್ಟು ಬಂದರೆ ತೋಳಿಗೆ ಮುಖ ಮಾಡಿ ಕತ್ತೆಯೊಂದಿಗೇ ದೂರು ಹೇಳಿಕೊಳ್ಳುತ್ತಿದ್ದರು.

ಹಚ್ಚೆಯ ಗಾಯ ಒಣಗಿದ ಮೇಲೆ ಒಂದು ದಿನ, ಆ ಅಂಗಡಿಗೆ ಸರಕು ಹಾಕುವ ವ್ಯಾಪಾರಿಯೊಬ್ಬ ಹಲಗೆಗೆ ಒರಗಿ, ಕೆಣಕಲೆಂದೇ ಕೇಳಿದ.

"ಕುರ್ಚಿ ಹೋಯ್ತಲ್ಲಕ್ಕ. ಪಶ್ಚಾತ್ತಾಪ ಇಲ್ವಾ?"

"ಇದೆ" ಅಂದಳು ವಾಪಸ್ಸಕ್ಕ, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತಾ. "ಸಂಜೆ ಹೊತ್ತು ಜೋರಾಗೇ ಇರುತ್ತೆ. ವಾಪಸ್ ಕೊಡೋವಷ್ಟಿಲ್ಲ."

ಕೇಳಿದ ಆ ವ್ಯಾಪಾರಿ ನಾನು, ಸ್ಟಿಕ್ಕರಿನ ಗುಟ್ಟನ್ನು ಆಕೆ ಬಿಚ್ಚಿ ಹೇಳಿದ್ದು ಅವತ್ತೇ. ಅಲ್ಲಿಯವರೆಗೆ ಯಾವ ಮಾಲು ಎತ್ತುವುದಿದ್ದರೂ ಮೊದಲು ಪಾಲುದಾರನನ್ನು, ಆಮೇಲೆ ಭಾವನನ್ನು, ಆಮೇಲೆ ಪಕ್ಕದ ಅಂಗಡಿಯವನನ್ನು ಕೇಳುತ್ತಿದ್ದೆ. ನಷ್ಟವಾದರೆ ಬಯ್ಯಲು ಜನ ಬೇಕಲ್ಲ. ಈಗ ನನ್ನ ಸರಕನ್ನು ನಾನೇ ನೋಡಿ ಕೊಳ್ಳುತ್ತೇನೆ, ನಷ್ಟವಾದರೆ ನನ್ನದೆಂದು ಮನೆಗೆ ಒಯ್ಯುತ್ತೇನೆ. ಇದನ್ನು ಕಲಿಸಿದವಳು ವಾಪಸ್ಸಕ್ಕ, ನಾನು ಆಕೆಗೆ ಋಣಿ.